ಬ್ಯಾಂಕಾಕಿನಿಂದ ಸಿಂಗಪುರಕ್ಕೆ ಐದು ಗಂಟೆ

ಬ್ಯಾಂಕಾಕಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಎರಡು ಗಂಟೆ ಇಪ್ಪತ್ತೈದು ನಿಮಿಷ. ಎಂಟು ವರ್ಷಗಳ ಹಿಂದೆಯೂ ಅಷ್ಟೇ ಇತ್ತು. ನಾನು ವತ್ಸಲಕ್ಕನಿಗೆ ಐದು ಗಂಟೆ ಎಂದು ಹೇಳಿದೆ — ತಿಳಿಯದೆ ಅಲ್ಲ, ಬಾಯಿತಪ್ಪಿ ಅಲ್ಲ. ಚೆನ್ನಾಗಿ ತಿಳಿದು, ಯೋಚಿಸಿ, ಕಾಗದದ ಮೇಲೆ ಪೆನ್ನಿನಿಂದ ಗೀಚಿ ತೋರಿಸಿ ಸುಳ್ಳು ಹೇಳಿದೆ.

ಬರೆದಾಯಿತು. ನಾಲ್ಕು ಸಾಲು ಕೂಡ ಆಗಲಿಲ್ಲ ನೋಡಿ. ಇಷ್ಟನ್ನು ಎಂಟು ವರ್ಷ ಹೊತ್ತುಕೊಂಡು ತಿರುಗಿದೆನಲ್ಲ ಎಂದು ಈಗ ನನಗೇ ನಗು ಬರುತ್ತಿದೆ. ನಗುವ ಹಕ್ಕು ನನಗಿದೆಯೋ ಇಲ್ಲವೋ — ಅದು ಬೇರೆ ಮಾತು.

ನಾನು ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿಯ ಗಿಗಿರಿ ಬಡಾವಣೆಯ ಒಂದು ಅಂತರರಾಷ್ಟ್ರೀಯ ಕಚೇರಿಯಲ್ಲಿ ಪ್ರಯಾಣ ವಿಭಾಗದಲ್ಲಿದ್ದೇನೆ. ಯಾರು ಯಾವ ಊರಿಗೆ ಹೋಗಬೇಕು, ಎಲ್ಲಿ ವಿಮಾನ ಬದಲಿಸಬೇಕು, ಎಷ್ಟು ಹೊತ್ತು ಕಾಯಬೇಕು, ಇದೇ ನನ್ನ ಕೆಲಸ. ಕಚೇರಿಯ ಕೆಲಸ ಕಚೇರಿಗೆ ಮುಗಿಯುತ್ತಿರಲಿಲ್ಲ. ಇಲ್ಲಿಯ ಕನ್ನಡದವರೆಲ್ಲ, ಬ್ಯಾಂಕಿನವರು, ಟೆಲಿಕಾಂನವರು, ಡಾಕ್ಟರುಗಳು, ಎಲ್ಲಿಗೆ ಹೊರಟರೂ ಮೊದಲು ನನಗೆ ಫೋನು ಮಾಡುತ್ತಿದ್ದರು. ‘ನಾಗೇಶನ್ನ ಕೇಳಿ’ ಎನ್ನುವುದು ನಮ್ಮ ಸಂಘದಲ್ಲಿ ಒಂದು ವಾಡಿಕೆಯೇ ಆಗಿತ್ತು. ನಾನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ರೂಢಿ ಇರಲಿಲ್ಲ. ಫೋನಿನಲ್ಲಿ ನೋಡಿದರೆ ಅರೆಗಳಿಗೆಯಲ್ಲಿ ಸಿಗುವ ಮಾಹಿತಿಗೂ ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಅದು ನನಗೆ ಇಷ್ಟವಾಗುತ್ತಿತ್ತು. ಬಹಳ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ವತ್ಸಲಕ್ಕ ಮಕ್ಕಳ ಡಾಕ್ಟರು. ಹಾಸನದವರು. ಮೂವತ್ತು ವರ್ಷಕ್ಕೂ ಹಿಂದೆ ಗಂಡನ ಜೊತೆ ಇಲ್ಲಿಗೆ ಬಂದರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನಾವು ಬಂದ ಹೊಸತರಲ್ಲಿ ನನ್ನ ಹೆಂಡತಿ ಉಷಾಳಿಗೆ ಮಲೇರಿಯಾ ಬಂದಾಗ ಎಂಟು ದಿನ ಮನೆಗೆ ಗಂಜಿ ತಂದುಕೊಟ್ಟವರು ಅವರು. ಅವತ್ತಿನಿಂದ ನನಗೆ ಅಕ್ಕ. ಅವರಿಗೆ ಒಬ್ಬಳೇ ಮಗಳು, ನಿಧಿ. ಓದು ಮುಗಿಸಿ ಸಿಂಗಪುರಕ್ಕೆ ಕೆಲಸಕ್ಕೆ ಹೋದಳು, ಅಲ್ಲೇ ಮೆಚ್ಚಿದವನನ್ನು ಮದುವೆಯಾದಳು. ಅಮ್ಮ ಮಗಳ ನಡುವೆ ಜಗಳವೇನೂ ಇರಲಿಲ್ಲ. ಆದರೆ ಇಬ್ಬರೂ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳುವವರಲ್ಲ. ಒಬ್ಬರು ಕೇಳಲಿ ಎಂದು ಇನ್ನೊಬ್ಬರು ಕಾಯುವುದು, ಕಾದು ಕಾದು ಫೋನು ಇಡುವುದು... ಅಂಥವರು.

ಆ ವರ್ಷದ ರಾಜ್ಯೋತ್ಸವಕ್ಕೆ ಸಂಘದಲ್ಲಿ ನಾಟಕ. ನಾನೇ ಬರೆದ ನಾಟಕ, ನಾನೇ ನಿರ್ದೇಶಕ. ಬೆಂಗಳೂರಿನ ಒಬ್ಬ ಮನೆ ಓನರಮ್ಮ ತನ್ನ ನಾಲ್ಕು ಬಾಡಿಗೆದಾರರನ್ನು ಗೋಳುಹೊಯ್ದುಕೊಳ್ಳುವ ಕಥೆ. ಓನರಮ್ಮನ ಪಾತ್ರ ವತ್ಸಲಕ್ಕನದು. ಅವರು ಸೊಂಟಕ್ಕೆ ಕೈಕೊಟ್ಟು ನಿಂತು ‘ನೀರು ಬಿಟ್ಟಿದ್ದು ಯಾರು?’ ಎಂದರೆ ಸಾಕು, ತಾಲೀಮಿನಲ್ಲಿಯೇ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ರುಂಡಾ ಬಡಾವಣೆಯ ಒಬ್ಬ ಬ್ಯಾಂಕ್ ಅಧಿಕಾರಿಯ ಮನೆಯ ವರಾಂಡದಲ್ಲಿ ತಾಲೀಮು. ಕನ್ನಡದ ಒಂದಕ್ಷರ ಬಾರದ ಗೇಟು ಕಾಯುವ ಅಸ್ಕಾರಿ ಕೂಡ ಅವರ ದನಿ ಕೇಳಿದರೆ ಇಣುಕಿ ನೋಡಿ ನಗುತ್ತಿದ್ದ. ಅವರಿಲ್ಲದೆ ಆ ನಾಟಕವಿಲ್ಲ, ಇದು ನನಗೆ ಗೊತ್ತಿತ್ತು.

ನಾಟಕ ಶನಿವಾರ. ಅದೇ ವಾರ ಅವರಿಗೆ ಬ್ಯಾಂಕಾಕಿನಲ್ಲಿ ಮಕ್ಕಳ ಡಾಕ್ಟರುಗಳ ಸಮ್ಮೇಳನ. ಅದು ಬುಧವಾರ ಮಧ್ಯಾಹ್ನ ಮುಗಿದು, ಅಂದೇ ವಿಮಾನ ಹತ್ತಿ, ಗುರುವಾರ ಬೆಳಗ್ಗೆ ನೈರೋಬಿಗೆ ಬರುವುದು ಎಂದು ನಾನೇ ಗೊತ್ತು ಮಾಡಿಕೊಟ್ಟಿದ್ದೆ. ಗುರುವಾರ, ಶುಕ್ರವಾರ ಎರಡು ಪೂರ್ಣ ತಾಲೀಮು. ಎಲ್ಲ ಅಚ್ಚುಕಟ್ಟಾಗಿತ್ತು.

ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ಅವರು ನನ್ನ ಕಚೇರಿಯ ಹತ್ತಿರವೇ ಬಂದರು. ಕ್ಯಾಂಟೀನಿನಲ್ಲಿ ಕುಳಿತೆವು. ಅವರು ಚಹಾ ಮುಟ್ಟಲಿಲ್ಲ.

“ನಾಗೇಶ, ಬ್ಯಾಂಕಾಕ್‌ಗೂ ಸಿಂಗಪುರಕ್ಕೂ ಎಷ್ಟು ದೂರ ಆಗತ್ತೋ? ಬುಧವಾರ ಮೀಟಿಂಗ್ ಮುಗಿದ ತಕ್ಷಣ ಹೋಗಿ, ನಿಧೀನ ನೋಡ್ಕೊಂಡು, ಒಂದು ದಿನ ಇದ್ದು ಬರಕ್ಕಾಗತ್ತಾ?”

“ಯಾಕಕ್ಕ, ಏನಾದ್ರೂ ಅರ್ಜೆಂಟಾ?”

“ಅರ್ಜೆಂಟ್ ಏನಿಲ್ಲ. ಬಾ ಅಂದಿದಾಳೆ ಕಣೋ. ಅವಳು ಯಾವತ್ತೂ ಬಾ ಅಂದವಳಲ್ಲ.”

ಆ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ — ಇಳಿಯಲು ನಾನು ಬಿಡಲಿಲ್ಲ. ನನ್ನ ತಲೆಯಲ್ಲಿದ್ದುದು ಒಂದೇ: ಈಯಮ್ಮ ಮಗಳ ಮನೆಗೆ ಹೋದರೆ ಶನಿವಾರಕ್ಕೆ ವಾಪಸ್ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಬರಬಹುದಿತ್ತು. ಬುಧವಾರ ಸಂಜೆ ಹೋಗಿ, ಗುರುವಾರ ಇಡೀ ದಿನ ಮಗಳ ಜೊತೆ ಇದ್ದು, ಸಂಜೆ ಬ್ಯಾಂಕಾಕಿಗೆ ಮರಳಿ ಅಲ್ಲಿಂದ ಹೊರಟರೆ ಶುಕ್ರವಾರ ಬೆಳಗ್ಗೆ ಇಲ್ಲಿ. ಒಂದು ತಾಲೀಮು ತಪ್ಪುತ್ತಿತ್ತು, ಅಷ್ಟೆ. ಅವರದು ಕೀನ್ಯಾ ಪಾಸ್‌ಪೋರ್ಟು, ಸಿಂಗಪುರಕ್ಕೆ ವೀಸಾದ ತಾಪತ್ರಯವೂ ಇರಲಿಲ್ಲ. ಎರಡು ಊರುಗಳ ನಡುವೆ ಸಾವಿರದ ನಾನೂರು ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನಿಂದ ದೆಹಲಿಗೆ ಇರುವಷ್ಟೂ ಇಲ್ಲ. ಇದೆಲ್ಲ ನನಗೆ ನಾಲಗೆಯ ತುದಿಯಲ್ಲಿತ್ತು. ಆದರೆ ಮಗಳು ‘ಇನ್ನೊಂದು ದಿನ ಇರಮ್ಮ’ ಎಂದರೆ? ಇವರು ಉಳಿದರೆ? ಸಭಾಂಗಣ ಗೊತ್ತಾಗಿತ್ತು, ಕರೆಯೋಲೆ ಹಂಚಿಯಾಗಿತ್ತು...

‘ಇರಿ ಅಕ್ಕ, ನೋಡಿ ಹೇಳ್ತೀನಿ’ ಎಂದು ಮೇಲೆ ಹೋಗಿ ಒಂದು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದೆ. ಹೋಗುವ ವಿಮಾನದ್ದು ಮಾತ್ರ.

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಸಿಂಗಪುರದ ಗಡಿಯಾರ ಬ್ಯಾಂಕಾಕಿನದಕ್ಕಿಂತ ಒಂದು ಗಂಟೆ ಮುಂದೆ. ಹಾಗಾಗಿ ಬ್ಯಾಂಕಾಕಿನಲ್ಲಿ ಸಂಜೆ ನಾಲ್ಕಕ್ಕೆ ಹೊರಟರೆ ಸಿಂಗಪುರದಲ್ಲಿ ಏಳು ಇಪ್ಪತ್ತೈದಕ್ಕೆ ಇಳಿದಂತೆ ಕಾಣುತ್ತದೆ. ನೋಡುವವರಿಗೆ ಮೂರು ಗಂಟೆ ಇಪ್ಪತ್ತೈದು ನಿಮಿಷ. ಅದರಲ್ಲಿ ಒಂದು ಗಂಟೆ ಕಳೆಯಬೇಕು. ಈ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ ಇದು.

ನಾನು ಕೂಡಿಸಿದೆ.

“ನೋಡಿ ಅಕ್ಕ, ಇಲ್ಲೇ ಮೂರೂವರೆ ಇದೆ. ಇದರ ಮೇಲೆ ಟೈಮ್ ಡಿಫರೆನ್ಸ್ ಬೇರೆ ಒಂದು ಗಂಟೆ. ಹತ್ತಿರ ಹತ್ತಿರ ಐದು ಗಂಟೆ ಅಂತಿಟ್ಕೊಳ್ಳಿ. ಹೋಗ್ತಾ ಐದು, ಬರ್ತಾ ಐದು. ಏರ್‌ಪೋರ್ಟಲ್ಲಿ ಕಾಯೋದು ಬೇರೆ. ಮಗಳ ಮುಖ ನೋಡೋಷ್ಟರಲ್ಲಿ ಹೊರಡಬೇಕಾಗತ್ತೆ. ಸುಮ್ನೆ ಆಯಾಸ.”

ಬರುವಾಗಿನ ಹಾಳೆ ತೋರಿಸಿದ್ದರೆ ಅಲ್ಲಿ ಒಂದು ಗಂಟೆ ಇಪ್ಪತ್ತೈದು ನಿಮಿಷ ಎಂದು ಕಾಣುತ್ತಿತ್ತು. ನನ್ನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಅದಕ್ಕೇ ತಂದಿರಲಿಲ್ಲ.

ವತ್ಸಲಕ್ಕ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಮಕ್ಕಳ ಔಷಧಿಯ ಅಳತೆಯನ್ನು ಹನಿ ಹನಿ ಲೆಕ್ಕ ಇಡುವ ಹೆಂಗಸು, ಇಷ್ಟನ್ನು ಹಿಡಿಯಲಾರರೇ? ಹಿಡಿಯುತ್ತಿದ್ದರು, ಅನುಮಾನಪಟ್ಟಿದ್ದರೆ. ನನ್ನ ಮೇಲೆ ಅನುಮಾನ ಪಡುವುದು ಅವರಿಗೆ ಹೊಳೆಯಲೇ ಇಲ್ಲ.

“ಅಷ್ಟು ದೂರಾನಾ? ಮ್ಯಾಪಲ್ಲಿ ಪಕ್ಕದಲ್ಲೇ ಕಾಣತ್ತಲ್ಲೋ,” ಎಂದರು. ಆಮೇಲೆ, “ಸರಿ ಬಿಡು, ಇನ್ನೊಂದ್ಸಲ ನೋಡೋಣ,” ಎಂದು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಚಹಾ ಆರಿತ್ತು. ಅದನ್ನೇ ಕುಡಿದು ಹೋದರು.

ನಾಟಕ ಚೆನ್ನಾಗಿ ಆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ಒಳಗೆ ಹೋದಾಗ ವತ್ಸಲಕ್ಕ ಬಣ್ಣ ಕೂಡ ಒರೆಸದೆ ಫೋನು ನೋಡುತ್ತ ಕುಳಿತಿದ್ದರು.

“ಏನಕ್ಕ?”

“ಏನಿಲ್ಲ. ತುಂಬ ದೂರ, ಐದು ಗಂಟೆ ಆಗತ್ತೆ ಪುಟ್ಟ, ಈ ಸಲ ಬರಕ್ಕಾಗಲ್ಲ ಅಂತ ಮೊನ್ನೆ ಬ್ಯಾಂಕಾಕಿಂದ ನಿಧಿಗೆ ಮೆಸೇಜ್ ಮಾಡಿದ್ದೆ. ಈಗ ಓಕೆ ಅಂತ ಕಳ್ಸಿದಾಳೆ. ಅಷ್ಟೇ.”

ಆ ಕ್ಷಣ ಹೇಳಿಬಿಡಬಹುದಿತ್ತು. ನನ್ನ ಕೊರಳಲ್ಲಿ ಯಾರೋ ಹಾಕಿದ ಹೂವಿನ ಹಾರವಿತ್ತು. ಹೊರಗೆ ಜನ ನನ್ನ ಹೆಸರು ಕೂಗುತ್ತಿದ್ದರು. ನಾನು ಹೊರಗೆ ಹೋದೆ.

ಆಮೇಲಿನ ವರ್ಷಗಳಲ್ಲಿ ಈ ಸುಳ್ಳು ನನಗೆ ದೊಡ್ಡದೆಂದು ಅನ್ನಿಸಲಿಲ್ಲ, ಇದನ್ನೂ ಒಪ್ಪಿಕೊಳ್ಳುತ್ತೇನೆ. ಒಂದು ಭೇಟಿ ತಪ್ಪಿತು, ಇನ್ನೊಂದು ಆಗುತ್ತದೆ ಎಂದುಕೊಂಡೆ. ಆದರೆ ಇನ್ನೊಂದು ಆಗಲಿಲ್ಲ. ನಿಧಿ ನೈರೋಬಿಗೆ ಬರುವುದು ಕಡಿಮೆಯಾಯಿತು. ಒಂದು ವರ್ಷದ ಮೇಲೆ ಅವಳ ಮದುವೆ ಮುರಿದ ಸುದ್ದಿ ವತ್ಸಲಕ್ಕನಿಗೆ ಮೇಲ್‌ನಲ್ಲಿ ಬಂತು — ಹೆತ್ತ ತಾಯಿಗೆ ಮೇಲ್‌ನಲ್ಲಿ! ಅದನ್ನು ಅವರು ನಮ್ಮ ಮನೆಯ ಊಟದ ಮೇಜಿನಲ್ಲಿ ಕುಳಿತು ಹೇಳಿದರು. ‘ಬಾ ಅಂದಿದಾಳೆ’ ಎಂಬ ಮಾತು ಅಂದು ನೆನಪಾಯಿತು. ಆದರೂ ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ಸಮಾಧಾನ ಹೇಳುವುದರಲ್ಲಿ ನಾನು ಪಳಗಿದವನು.

ಈ ವರ್ಷ ವತ್ಸಲಕ್ಕನ ಮಂಡಿಗೆ ಶಸ್ತ್ರಚಿಕಿತ್ಸೆ ಆಯಿತು. ನೋಡಿಕೊಳ್ಳಲು ನಿಧಿ ಒಂದು ತಿಂಗಳು ರಜೆ ಹಾಕಿ ಬಂದಳು. ಒಂದು ಭಾನುವಾರ ರಿವರ್‌ಸೈಡ್‌ನ ಅವರ ಫ್ಲ್ಯಾಟಿಗೆ ನಾವಿಬ್ಬರೂ ಊಟಕ್ಕೆ ಹೋದೆವು. ಮಗಳು ಅಮ್ಮನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಮಾತ್ರೆ ಹೊತ್ತಿಗೆ ಸರಿಯಾಗಿ, ದಿಂಬು ಕಾಲಿನ ಕೆಳಗೆ, ನೀರು ಕೈಗೆ. ಆದರೆ ನರ್ಸಮ್ಮನ ಹಾಗೆ. ‘ಡು ಯು ನೀಡ್ ಎನಿಥಿಂಗ್, ಅಮ್ಮ?’ ‘ಬೇಡ ಪುಟ್ಟ, ಥ್ಯಾಂಕ್ಸ್.’ ಹೆತ್ತ ಮಗಳಿಗೆ ಥ್ಯಾಂಕ್ಸ್ ಹೇಳುವ ಮನೆಯಲ್ಲಿ ಕುಳಿತು ಉಣ್ಣುವುದು ಕಷ್ಟ.

ಮಾತಿಗೆ ಮಾತು ಬಂದು ಉಷಾ ಕೇಳಿದಳು, ಮುಂದಿನ ವರ್ಷ ನಾವು ಬ್ಯಾಂಕಾಕ್, ಸಿಂಗಪುರ ನೋಡಬೇಕು ಅಂತಿದ್ದೇವೆ, ಎರಡೂ ಹತ್ತಿರ ಹತ್ತಿರವಾ ಎಂದು. ನಿಧಿ ನೀರಿನ ಲೋಟ ಕೆಳಗಿಟ್ಟು ನಕ್ಕಳು. “ಡಿಪೆಂಡ್ಸ್, ಆಂಟಿ. ಅಮ್ಮನ್ನ ಕೇಳಿದ್ರೆ ಫೈವ್ ಅವರ್ಸ್.”

“ಮತ್ತೆ ಐದು ಗಂಟೆ ತಾನೆ?” ವತ್ಸಲಕ್ಕ ನನ್ನ ಕಡೆ ತಿರುಗಿದರು. “ನಾಗೇಶನೇ ಹೇಳಿದ್ದು. ಹೇಳೋ.”

ಎರಡು ಮುಖಗಳು ನನ್ನನ್ನು ನೋಡುತ್ತಿದ್ದವು. ತಾಯಿಯದು ನಂಬಿಕೆಯಿಂದ. ಮಗಳದು — ಅದನ್ನು ಹೇಗೆ ಹೇಳಲಿ — ಬೇಡುತ್ತಿದ್ದಂತೆ ಇತ್ತು. ಅವಳಿಗೆ ‘ಹೌದು, ನಾನೇ ಹೇಳಿದ್ದು’ ಎಂಬ ಒಂದು ಮಾತು ಬೇಕಿತ್ತು.

“ಆಗ... ಆಗ ಡೈರೆಕ್ಟ್ ಫ್ಲೈಟ್ ಅಷ್ಟು ಇರಲಿಲ್ಲ,” ಎಂದೆ. ಇನ್ನೊಂದು ಸುಳ್ಳು. ನಿಧಿ ಒಂದು ಕ್ಷಣ ನೋಡಿ, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಾರು ವೆಸ್ಟ್‌ಲ್ಯಾಂಡ್ಸ್ ದಾಟಿತು. ಉಷಾ ಮೆಲ್ಲಗೆ ಕೇಳಿದಳು: “ರೀ, ಆ ಹುಡುಗಿ ಇಷ್ಟು ವರ್ಷದಿಂದ ಅವಳಮ್ಮ ಸುಳ್ಳು ಹೇಳಿದ್ರು ಅಂತ ತಿಳ್ಕೊಂಡಿದಾಳೆ. ಗೊತ್ತಾಯ್ತಾ ನಿಮಗೆ?”

ಗೊತ್ತಾಗಿತ್ತು. ಆಗಷ್ಟೇ, ಆ ಊಟದ ಮೇಜಿನಲ್ಲಿ, ನನ್ನ ಸುಳ್ಳಿನ ಅಳತೆ ನನಗೆ ಗೊತ್ತಾಗಿತ್ತು. ಅದು ನನ್ನ ಬಾಯಿಂದ ಹೊರಟು ವತ್ಸಲಕ್ಕನ ಬಾಯಿಗೆ ಹೋಗಿ ಅವರ ಸುಳ್ಳಾಗಿಬಿಟ್ಟಿತ್ತು. ಎಂಟು ವರ್ಷ ಆ ಹೆಂಗಸು ತಾನು ಮಾಡದ ತಪ್ಪಿಗೆ ಮಗಳ ಬರೀ ಮರ್ಯಾದೆಯ ಮಾತು ಕೇಳಿಕೊಂಡು ಬದುಕಿದ್ದರು. ಏಕೆಂದು ಅವರಿಗೆ ಗೊತ್ತೂ ಇರಲಿಲ್ಲ.

ಎರಡು ದಿನ ಕಳೆಯಿತು. ಫೋನಿನಲ್ಲಿ ಹೇಳಲೇ, ಉಷಾಳಿಂದ ಹೇಳಿಸಲೇ, ಬರೆದು ಕಳಿಸಲೇ... ಎಲ್ಲ ಯೋಚಿಸಿದೆ. ಕೊನೆಗೆ ಮಂಗಳವಾರ ಬೆಳಗ್ಗೆ ಕಚೇರಿಗೆ ರಜೆ ಹಾಕಿ ಹೋದೆ. ಗೇಟಿನ ಕಾವಲುಗಾರ ‘ಸವಾ?’ ಎಂದ. ‘ಸವಾ’ ಎಂದೆ. ಎಲ್ಲ ಸರಿ ಎಂದು ಹೇಳುವಾಗಲೂ ಸುಳ್ಳೇ.

ವತ್ಸಲಕ್ಕ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು. ನಿಧಿ ಎದುರಿಗೆ ಕುಳಿತು ಬಟಾಣಿ ಬಿಡಿಸುತ್ತಿದ್ದಳು. ಕೂರು ಎಂದರು. ಕೂರಲಿಲ್ಲ. ಕೂತರೆ ಹವಾಮಾನದ ಮಾತಾಡಿ ಎದ್ದು ಬರುತ್ತೇನೆಂದು ನನ್ನನ್ನು ನಾನು ಬಲ್ಲೆ.

“ಅಕ್ಕ, ಸಿಂಗಪುರಕ್ಕೆ ಎರಡೂವರೆ ಗಂಟೆ ಕೂಡ ಆಗಲ್ಲ. ಆಗಲೂ ಆಗ್ತಿರಲಿಲ್ಲ. ಡೈರೆಕ್ಟ್ ಫ್ಲೈಟ್ ದಿನಕ್ಕೆ ಬೇಕಾದಷ್ಟಿತ್ತು. ಗೊತ್ತಿದ್ದೂ ನಾನು ಸುಳ್ಳು ಹೇಳ್ದೆ. ನೀವು ನಾಟಕಕ್ಕೆ ತಪ್ಪಿಸ್ಕೊಂಡ್‌ಬಿಡ್ತೀರೇನೋ ಅಂತ.”

ಬಟಾಣಿ ಬಿಡಿಸುವ ಕೈ ನಿಂತಿತು. ವತ್ಸಲಕ್ಕ ನನ್ನನ್ನೇ ನೋಡಿದರು. ಬೈಯುತ್ತಾರೆಂದು ಕಾದೆ.

“ಯಾವ ನಾಟಕನೋ?” ಎಂದರು.

ಅವರಿಗೆ ನೆನಪೇ ಇರಲಿಲ್ಲ. ನಾನು ಬರೆದದ್ದು, ನಾನು ಆಡಿಸಿದ್ದು, ಯಾವುದಕ್ಕಾಗಿ ಒಬ್ಬ ತಾಯಿಯನ್ನು ಮಗಳ ಮನೆಯ ಬಾಗಿಲಿಂದ ತಿರುಗಿಸಿದೆನೋ ಅದು, ಅವರಿಗೆ ನೆನಪೇ ಇರಲಿಲ್ಲ. ಅಲ್ಲಿ ನಿಂತಲ್ಲೇ ನಾನು ಕುಗ್ಗಿಹೋದೆ. ಓನರಮ್ಮನ ನಾಟಕ, ನೀರು ಬಿಟ್ಟಿದ್ದು ಯಾರು... ಎಂದು ವಿವರಿಸಲು ಹೊರಟವನು ನಡುವೆಯೇ ನಿಲ್ಲಿಸಿದೆ.

ನಿಧಿ ತಾಯಿಯ ಕಡೆ ತಿರುಗಿದಳು. “ಅಮ್ಮ. ಯು ರಿಯಲಿ ಥಾಟ್ ಇಟ್ ವಾಸ್ ಫೈವ್ ಅವರ್ಸ್?”

“ಮತ್ತೇನೇ? ಇವನು ಬರೆದು ತೋರಿಸಿದ್ದ. ನಿಂಗ್ಯಾಕೆ ಸುಳ್ಳು ಹೇಳ್ಲಿ ನಾನು?”

“ಐ ಚೆಕ್ಡ್ ಆನ್ ಮೈ ಫೋನ್, ಅಮ್ಮ. ಆ ದಿನಾನೇ. ಐ ಥಾಟ್ ನಿನಗೆ ಬರಕ್ಕೆ ಇಷ್ಟ ಇಲ್ಲ ಅಂತ. ಆ ವಾರಾನೇ ಐ ಹ್ಯಾಡ್ ಮೂವ್ಡ್ ಔಟ್. ಒಂದು ಸೂಟ್‌ಕೇಸ್ ಇಟ್ಕೊಂಡು ಫ್ರೆಂಡ್ ಮನೇಲಿದ್ದೆ. ಫೋನಲ್ಲಿ ಹೇಳಕ್ಕಾಗಲ್ಲ, ನೀನು ಬಂದ್ರೆ ಹೇಳೋಣ ಅಂತ...”

ಅವಳು ಮುಗಿಸಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅರ್ಧಕ್ಕರ್ಧ ಕನ್ನಡದಲ್ಲಿ ಅಳುತ್ತಿದ್ದಳು. ವತ್ಸಲಕ್ಕ ಏಳಲು ಹೋದರು, ಮಂಡಿ ಬಿಡಲಿಲ್ಲ. ‘ಬಾರೇ ಇಲ್ಲಿ’ ಎಂದು ಕೈ ಚಾಚಿದರು. ಬಟಾಣಿ ತಟ್ಟೆ ಕೆಳಗೆ ಬಿತ್ತು.

ನಾನು ಬಗ್ಗಿ ಬಟಾಣಿ ಆರಿಸತೊಡಗಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ನಿಧಿ ತಲೆಯೆತ್ತಿ, “ಅಂಕಲ್, ಐ ಕಾಂಟ್ ಬಿ ನೈಸ್ ಟು ಯು ಟುಡೇ,” ಎಂದಳು. ಸರಿ ಎಂದೆ.

“ನೀನು ಹೊರಡು ನಾಗೇಶ,” ಎಂದರು ವತ್ಸಲಕ್ಕ. ಸಿಟ್ಟಿನ ದನಿಯಲ್ಲ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಅವರು ನನ್ನನ್ನು ಊಟವಿಲ್ಲದೆ, ಕಾಫಿಯಿಲ್ಲದೆ ಹೊರಡು ಎಂದದ್ದು ಅದೇ ಮೊದಲು. “ನಾವಿಬ್ಬರೂ ಮಾತಾಡ್ಬೇಕು.”

ಹೊರಗೆ ಬಂದು ಕಾರಿನಲ್ಲಿ ಕುಳಿತವನು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ನಾಚಿಕೆಯಾಗುತ್ತಿತ್ತು, ಅಳುವೂ ಬರುತ್ತಿತ್ತು. ಆದರೆ ಅದೆಲ್ಲದರ ಅಡಿಯಲ್ಲಿ ಎಂಥ ನಿರಾಳ! ಎಂಟು ವರ್ಷದಲ್ಲಿ ಮೊದಲ ಸಲ ಉಸಿರು ಕೊನೆಯವರೆಗೂ ಹೋಗಿ ಬಂದಂತೆ. ಅಷ್ಟು ದೊಡ್ಡವರ ಮುಂದೆ ಅಷ್ಟು ಸಣ್ಣವನಾಗಿ ನಿಂತು ಬಂದವನಿಗೆ ಈ ಹಗುರ ಎಲ್ಲಿಂದ ಬಂತೋ ಕಾಣೆ. ಬೇಡ ಎಂದು ತಳ್ಳಲಿಲ್ಲ.

ಇದಾಗಿ ಮೂರು ತಿಂಗಳು. ಕ್ಷಮಿಸಿದ್ದೇವೆ ಎಂದು ಅವರು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಕೇಳಿದರೆ ವತ್ಸಲಕ್ಕ ಮರ್ಯಾದೆಗೆ ಹೂಂ ಎಂದುಬಿಡುತ್ತಾರೆ, ಅದು ನನಗೆ ಬೇಡ. ನಾಟಕಕ್ಕಾಗಿ ಮಾಡಿದೆ, ಸಂಘಕ್ಕಾಗಿ ಮಾಡಿದೆ ಎಂದು ಹೇಳಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ನನಗಾಗಿ ಮಾಡಿದೆ. ನಾನು ನಿಲ್ಲುವ ವೇದಿಕೆ, ನನಗೆ ಬೀಳುವ ಚಪ್ಪಾಳೆ. ಇನ್ನು ಯಾರು ಊರಿನ ದೂರ ಕೇಳಿದರೂ ಕಂಪ್ಯೂಟರಿನ ಪರದೆಯನ್ನೇ ಅವರ ಕಡೆ ತಿರುಗಿಸುತ್ತೇನೆ. ಹೋಗುವುದೂ ಬರುವುದೂ ಎರಡೂ ಕಾಣುವಂತೆ.

ಕಳೆದ ತಿಂಗಳು ವತ್ಸಲಕ್ಕ ಸಿಂಗಪುರಕ್ಕೆ ಹೊರಟರು. ಟಿಕೆಟ್ಟನ್ನು ಅವರೇ ಫೋನಿನಲ್ಲಿ ಮಾಡಿಕೊಂಡರಂತೆ. ನನ್ನನ್ನು ಕೇಳಲಿಲ್ಲ. ಕೇಳದಿದ್ದುದು ಚುಚ್ಚಿತು, ಚುಚ್ಚಬೇಕಾದದ್ದೇ. ಈಗ ಅಲ್ಲೇ ಇದ್ದಾರೆ. ಹೋದ ವಾರ ಉಷಾ ಫೋನು ಮಾಡಿದಾಗ ಹಿಂದಿನಿಂದ ಒಂದೇ ಗಲಾಟೆ. ನಿಧಿ ಗಟ್ಟಿಯಾಗಿ ಕೂಗುತ್ತಿದ್ದಳು, ಮಂಡಿಗೆ ಹೇಳಿದ ವ್ಯಾಯಾಮ ಯಾಕೆ ಮಾಡಲಿಲ್ಲ ಎಂದು. ‘ನೀನೇನು ನಂಗೆ ಹೇಳೋದು, ಡಾಕ್ಟರ್ ನಾನೋ ನೀನೋ?’ ಎಂದು ಇವರೂ ಕೂಗುತ್ತಿದ್ದರು. ಒಂದು ಥ್ಯಾಂಕ್ಸೂ ಇಲ್ಲ. ಉಷಾ ಗಾಬರಿಯಾಗಿ, ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟಳು.

“ಪಾಪ, ಒಂದೇ ಜಗಳ ರೀ,” ಎಂದಳು.

ಇನ್ನೊಂದು ಸಲ ಹೇಳು ಎಂದೆ. ಹೇಳಿದಳು.